ಬದನೆಕಾಯಿಯ ಮೇಲಣ ಅಪವಾದ

ನಮ್ಮ ಕಾಯಿಪಲ್ಯಗಳಲ್ಲಿ ಬದನೆಯಷ್ಟು ಅಪವಾದಕ್ಕೆ ಗುರಿಯಾದುದು ಮತ್ತೊಂದಿಲ್ಲ. ಮೈಮೇಲೆ ನಾಲ್ಕು ಗಂಧೆಗಳೆದ್ದರೆ ಸಾಕು, ‘ನಂಜು’ ಎಂದು ಹಿರಿಯರು ತೀರ್ಪು ಹೇಳಿಬಿಡುವರು. ನಮ್ಮ ಸೋದರತ್ತೆಯವರು ಈ ತೀರ್ಪಿಗೆ ತಲೆಬಾಗಿ ಎರಡು ವರ್ಷ ಬದನೆಯನ್ನು ಮುಟ್ಟಲಿಲ್ಲ. ಗಂಧೆ ಮಾತ್ರ ಅವರನ್ನು ಬಿಡಲಿಲ್ಲ. ಅದು ಏಳುವುದು, ಇವರು ಕಂಬಳಿಯಿಂದ ಉಜ್ಜಿಸಿಕೊಳ್ಳುವುದು, ಮರುದಿನ ಅದು ತಾನಾಗಿ ಅಡಗುವುದು, ಹೀಗೆ ನಡೆದಿತ್ತು.

ಅತ್ತೆಯವರಿಗೆ ಮೊಣಕಾಲು ನೋವು. ಹಬ್ಬದ ದಿನ ಒಲೆಯ ಮುಂದೆ ಬಹಳ ಹೊತ್ತು ನಿಂತರೆ ಅದು ಕೆರಳುವುದು. ಆಗ ಅಂಗಡಿಯಿಂದ ಐಬುಪ್ರೊಫೆನ್ ಮಾತ್ರೆಯೊಂದನ್ನು ತರಿಸಿ ನುಂಗುವರು. ಎಲೆಯ ತುಂಬ ನಾನಾ ಪದಾರ್ಥಗಳಿರುವುದೂ ಹಬ್ಬದಂದೇ ಅಲ್ಲವೆ? ಅಪರಾಧವು ಅಡಿಗೆಯ ತಲೆಗೆ ಬಂದಿತು.

ಒಂದು ದಿನ ಅವರು ಹಲ್ಲು ಕೀಳಿಸಿಕೊಂಡು ಬಂದು, ನೋವಿಗೆಂದು ಡೈಕ್ಲೋಫೆನಾಕ್ ಎಂಬ ಬೇರೊಂದು ಮಾತ್ರೆಯನ್ನು ತೆಗೆದುಕೊಂಡರು. ಗಂಟೆಯೊಳಗೆ ತುಟಿಯೂ ರೆಪ್ಪೆಗಳೂ ಊದಿಕೊಂಡವು, ಮಾತು ತೊದಲಿತು, ಉಸಿರು ಕಟ್ಟತೊಡಗಿತು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಚುಚ್ಚಿದ ಮೇಲೆ ನಮ್ಮ ಜೀವವೂ ಮರಳಿ ಬಂದಂತಾಯಿತು. ಆ ದಿನ ಅವರು ಕುಡಿದಿದ್ದುದು ಗಂಜಿಯ ತಿಳಿ ಮಾತ್ರ. ಬದನೆಯು ನಿರ್ದೋಷಿಯೆಂದು ಬಿಡುಗಡೆ ಹೊಂದಿತು.

ಎರಡು ಬೇರೆ ಮಾತ್ರೆಗಳಿಗೆ ಒಂದೇ ಉಪದ್ರವವೇಕೆ? ಇದು ಹಳೆಯ ಪ್ರಶ್ನೆ. ಆಸ್ಪಿರಿನ್ ಪೇಟೆಗೆ ಬಂದುದು 1899ರಲ್ಲಿ. ಅದರಿಂದ ಒಬ್ಬನಿಗೆ ಬಾವೂ ಗಂಧೆಯೂ ಬಂದುದನ್ನು ಹಿರ್ಷ್‌ಬರ್ಗ್ ಎಂಬ ಜರ್ಮನ್ ವೈದ್ಯನು 1902ರಲ್ಲಿಯೇ ಬರೆದಿದ್ದಾನೆ. ಕಾರಣದ ಎಳೆ ದೊರೆತುದು 1971ರಲ್ಲಿ. ನೋವನ್ನೂ ಬಾವನ್ನೂ ಹುಟ್ಟಿಸುವ ಪ್ರೊಸ್ಟಗ್ಲಾಂಡಿನ್ ಎಂಬ ದ್ರವ್ಯಗಳ ಉತ್ಪತ್ತಿಯನ್ನು ಈ ಔಷಧಗಳು ತಡೆಯುತ್ತವೆಂದು ಜಾನ್ ವೇನ್ ಆಗ ತೋರಿಸಿದನು. ಕೆಲವರ ಮೈಯಲ್ಲಿ ಆ ದಾರಿಯನ್ನು ಮುಚ್ಚಿದೊಡನೆ ಲ್ಯೂಕೋಟ್ರೈನ್‌ಗಳೆಂಬ ಬೇರೆ ದ್ರವ್ಯಗಳು ಉಕ್ಕಿ, ಚರ್ಮವು ಗಂಧೆಗಟ್ಟುತ್ತದೆ. ಅಂದರೆ ಇಲ್ಲಿ ಕೇಡು ಬರುವುದು ಒಂದು ಮಾತ್ರೆಯ ಗುಣದಿಂದಲ್ಲ, ಇಡೀ ಕುಲದ ಕಸುಬಿನಿಂದ. ಅಂಥವರಿಗೆ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರಾಕ್ಸೆನ್ ಎಲ್ಲವೂ ಒಂದೇ. ಒಂದನ್ನು ಮಾತ್ರ ಸಹಿಸದೆ ಉಳಿದವನ್ನು ಅರಗಿಸಿಕೊಳ್ಳುವವರೂ ಉಂಟು. ಮತ್ತೆ ಕೆಲವರಿಗೆ ನುಂಗಿದಾಗಲೆಲ್ಲ ಮೈಯ ಅದೇ ಎಡೆಯಲ್ಲಿ ಕೆಂಪಾಗಿ, ಕಪ್ಪು ಕಲೆ ಉಳಿಯುತ್ತದೆ. ಬಲು ಅಪರೂಪವಾಗಿ ಬಾಯಿ ಹುಣ್ಣಾಗಿ ಚರ್ಮವೇ ಸುಲಿಯುವುದುಂಟು; ಆಗ ಮನೆಮದ್ದಿನಲ್ಲಿ ಒಂದು ಗಳಿಗೆಯನ್ನೂ ಕಳೆಯಬಾರದು.

ಕುಲಕ್ಕೆಲ್ಲ ಒಗ್ಗದವರನ್ನು ಗುರುತಿಸಲು ನಂಬತಕ್ಕ ರಕ್ತಪರೀಕ್ಷೆಯಿಲ್ಲ. ನುಂಗಿದುದೇನು, ಎಷ್ಟು ಹೊತ್ತಿಗೆ ಏನಾಯಿತು ಎಂಬ ವೃತ್ತಾಂತವೇ ಮುಖ್ಯ. ಸಂದೇಹವಿದ್ದರೆ ಆಸ್ಪತ್ರೆಯಲ್ಲಿ ವೈದ್ಯರ ಕಣ್ಣೆದುರಿಗೆ ಸ್ವಲ್ಪಸ್ವಲ್ಪವಾಗಿ ಕೊಟ್ಟು ನೋಡುತ್ತಾರೆ. ಪ್ಯಾರಸಿಟಮಾಲ್ ಬಹುಮಂದಿಗೆ ಒಗ್ಗುತ್ತದೆ. ಅತ್ತೆಯವರಿಗೂ ಹಾಗೆ ನೋಡಿಯೇ ಕೊಟ್ಟರು.

ನನ್ನನ್ನು ಈಗಲೂ ಕಾಡುವುದು ಹೆಸರುಗಳ ಮಾಯೆ. ಒಂದೇ ಔಷಧಕ್ಕೆ ಕಂಪೆನಿಗೊಂದು ನಾಮಧೇಯ. ಒಳಗಿನ ವಸ್ತುವಿನ ಹೆಸರೋ ಇರುವೆಯ ಸಾಲಿನಂಥ ಇಂಗ್ಲಿಷ್ ಅಕ್ಷರಗಳಲ್ಲಿ. ಕನ್ನಡ ಮಾತ್ರ ಬಲ್ಲ ಮುದುಕಿಗೆ ಅದು ಇದ್ದೂ ಇಲ್ಲದಂತೆ. ಆದುದರಿಂದ ವರ್ಜ್ಯವಾದ ಮದ್ದುಗಳನ್ನು ಎರಡು ಲಿಪಿಗಳಲ್ಲಿಯೂ ದಪ್ಪಕ್ಷರದಲ್ಲಿ ಬರೆದುಕೊಟ್ಟೆನು. ಆ ಚೀಟಿಯು ಅವರ ಎಲೆ ಅಡಕೆಯ ಸಂಚಿಯಲ್ಲಿದೆ. ತಲೆನೋವಿನ ಮಾತ್ರೆಗೆ ಹೋದರೂ ಮೊದಲು ಸಂಚಿ ಬಿಚ್ಚುತ್ತಾರೆ. ಅಂಗಡಿಯವನು ಓದಿ ಮುಗಿಸುವ ತನಕ ದುಡ್ಡು ಕೊಡುವುದಿಲ್ಲ.