ಬಿಗಿದ ಬೋಲ್ಟು, ತಾಳುವ ಕೈ

ಕಟ್ಟುವ ಕಾಯಕವನ್ನು ಲೋಕ ಕಾಣುತ್ತದೆ. ಬಿಚ್ಚುವ ಕಾಯಕವನ್ನು ಕಾಣುವುದಿಲ್ಲ. ಮನೆ ಕಟ್ಟಿದವನನ್ನು, ತೇರು ಕಟ್ಟಿದವನನ್ನು ಊರು ನೆನೆಯುತ್ತದೆ. ಹತ್ತು ವರುಷ ತುಕ್ಕು ತಿಂದು ಕಲ್ಲಿನಂತಾದ ಒಂದು ಬೋಲ್ಟನ್ನು ಮುರಿಯದಂತೆ ಬಿಚ್ಚಿದವನ ನೆನಪು ಯಾರಿಗೂ ಉಳಿಯುವುದಿಲ್ಲ. ಆದರೂ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ರಸ್ತೆಬದಿಯ ಗ್ಯಾರೇಜುಗಳಲ್ಲಿ ಇದು ನಿತ್ಯದ ಕೆಲಸ. ಕಾರಿನ ಅಡಿಯಲ್ಲಿ ಅಂಗಾತ ಮಲಗಿ, ಕಣ್ಣಿಗೆ ಉದುರುವ ತುಕ್ಕಿನ ಪುಡಿಯನ್ನು ಸಹಿಸುತ್ತ, ಸೈಲೆನ್ಸರಿನ ನಟ್ಟು-ಬೋಲ್ಟುಗಳ ಜೊತೆ ಸೆಣಸುವ ಈ ಕಾಯಕಜೀವಿಗಳಿಂದ ಕಲಿಯತಕ್ಕದ್ದು ಬಹಳವಿದೆ.

ಈ ಭಾಗದಲ್ಲಿ ತುಕ್ಕಿಗೆ ‘ಜಂಗು’ ಎನ್ನುತ್ತಾರೆ. ಅದರ ಹುಟ್ಟು ನೀರಿನಲ್ಲಿ. ಕೃಷ್ಣೆ, ದೂಧಗಂಗೆ, ವೇದಗಂಗೆಯರು ಈ ನೆಲವನ್ನು ಕಬ್ಬಿನಿಂದ ಹಸಿರಾಗಿಸಿದ್ದಾರೆ. ಮುನಿದಾಗ ಊರುಗಳನ್ನೇ ಮುಳುಗಿಸಿದ್ದಾರೆ. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ಮಹಾಪೂರಗಳಲ್ಲಿ ನಿಪ್ಪಾಣಿ ತಾಲೂಕಿನ ಯಮಗರ್ಣಿಯ ಬಳಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ನೀರು ಬಂದು ಸಂಚಾರ ನಿಂತಿತ್ತು. ಅಂತಹ ನೀರಿನಲ್ಲಿ ನಿಂತ ಕಾರಿನ ಎಂಜಿನ್ನನ್ನು ಒಡೆಯನು ರಿಪೇರಿ ಮಾಡಿಸುತ್ತಾನೆ, ಸೀಟುಗಳನ್ನು ಬಿಸಿಲಿಗೆ ಒಣಗಿಸುತ್ತಾನೆ. ಅಡಿಯಲ್ಲಿರುವ ಬೋಲ್ಟುಗಳನ್ನು ಯಾರೂ ನೋಡುವುದಿಲ್ಲ. ನೋಡದೆ ಬಿಟ್ಟದ್ದು ವರುಷಗಳ ನಂತರ ತಾನೇ ಮಾತಾಡುತ್ತದೆ.

ಪ್ರವಾಹವನ್ನೇ ಕಾಣದ ಕಾರಿಗೂ ಈ ಬಾಧೆ ತಪ್ಪಿದ್ದಲ್ಲ. ಒಂದು ಲೀಟರ್ ಪೆಟ್ರೋಲು ಉರಿದಾಗ ಹೆಚ್ಚುಕಡಿಮೆ ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ದೂರದ ಪಯಣದಲ್ಲಿ ಸೈಲೆನ್ಸರು ಚೆನ್ನಾಗಿ ಕಾದು ಆ ಆವಿ ಹೊರಗೆ ಹೋಗುತ್ತದೆ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಎಂಬಷ್ಟೇ ಓಡಾಟವಿದ್ದರೆ ಅದು ಕೊಳವೆಯೊಳಗೇ ನೀರಾಗಿ ನಿಂತು ಒಳಗಿನಿಂದ ತಿನ್ನುತ್ತದೆ. ಹೊರಗಿನಿಂದ ಮಳೆ ಮತ್ತು ಕೆಸರು ತಿನ್ನುತ್ತವೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ನಟ್ಟಿನ ಮತ್ತು ಬೋಲ್ಟಿನ ಮರೆಗಳ ನಡುವೆ ಇರುವುದು ಕೂದಲೆಳೆಯ ಸಂದು. ಅಲ್ಲಿ ಊದಿಕೊಂಡ ತುಕ್ಕು ಬೆಣೆ ಹೊಡೆದಂತೆ ಎರಡನ್ನೂ ಬಿಗಿಯುತ್ತದೆ. ದಿನದಿನದ ಕಾಯುವಿಕೆ, ಆರುವಿಕೆ ಆ ಬಿಗಿತವನ್ನು ಇನ್ನೂ ಗಟ್ಟಿ ಮಾಡುತ್ತವೆ.

ಇಷ್ಟಕ್ಕೂ ಅದನ್ನು ಬಿಚ್ಚಲೇಬೇಕೇಕೆ? ಎಂಜಿನ್ನಿಗೂ ಸೈಲೆನ್ಸರಿನ ಕೊಳವೆಗೂ ನಡುವಿನ ಗ್ಯಾಸ್ಕೆಟ್ ಸುಟ್ಟುಹೋದರೆ ಕಾರು ಗುಡುಗುತ್ತದೆ. ಜನ ಅದನ್ನು ಸದ್ದಿನ ತೊಂದರೆ ಎಂದಷ್ಟೇ ತಿಳಿಯುತ್ತಾರೆ. ಆದರೆ ಆ ಸಂದಿನಿಂದ ಸೋರುವ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವಿಗಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಗಾಜು ಏರಿಸಿದ ಕಾರಿನೊಳಗೆ ಅದು ಸೇರಿದರೆ ಮೊದಲು ತಲೆನೋವು, ಬಳಿಕ ಮಂಪರು, ಕೊನೆಗೆ ಮರಣ. ಆದ್ದರಿಂದ ಮೂರು ನಟ್ಟುಗಳ ಮಾತು ಒಂದು ಕುಟುಂಬದ ಪ್ರಾಣದ ಮಾತೂ ಆಗಿದೆ.

ಕಬ್ಬಿನ ಹಂಗಾಮಿನ ಒಂದು ಸಂಜೆ ರಾಯಬಾಗ ಕಡೆಯ ಗ್ಯಾರೇಜೊಂದಕ್ಕೆ ರೈತರೊಬ್ಬರು ಗುಡುಗುವ ಕಾರನ್ನು ತಂದರು. ಮರುದಿನ ಬೆಳಿಗ್ಗೆ ತಾಯಿಯನ್ನು ಮಿರಜಿನ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಮಿಸ್ತ್ರಿ ಅಡಿಯಲ್ಲಿ ನುಸುಳಿ ಬ್ಯಾಟರಿ ಬಿಟ್ಟು ನೋಡಿ, ಈ ರಾತ್ರಿ ಆಗುವುದಿಲ್ಲವೆಂದರು.

“ಉದ್ದನ್ನ ಪಾನಾ ಹಾಕಿ ಒಂದೀಟ ಜೋರ ಮಾಡ್ರಿ ಮಿಸ್ತ್ರಿ, ಬರತೈತಿ” ಎಂದು ರೈತರು ಅವಸರಿಸಿದರು.

“ಜೋರ ಮಾಡಿದ್ರ ನಟ್ಟ ಬರಂಗಿಲ್ರಿ ಅಣ್ಣಾರ, ಸ್ಟಡ್ಡ ಮುರದ ಬರತೈತಿ. ಆಮ್ಯಾಗ ನಾಕ ದಿನದ ಕೆಲಸ. ಗಾಡಿ ಇಲ್ಲೇ ಇರಲಿ. ಅವ್ವಾರನ್ನ ಕುಡಚಿಯಿಂದ ರೈಲಿನ್ಯಾಗ ಕರ್ಕೊಂಡ ಹೋಗ್ರಿ. ಈ ಹೊಗಿಯೊಳಗ ಮಾತ್ರ ಕೂಡಸಬ್ಯಾಡ್ರಿ.”

ರೈತರಿಗೆ ಸಿಟ್ಟು ಬಂದದ್ದು ಸಹಜ. ಆದರೂ ಕಾರನ್ನು ಬಿಟ್ಟು ಹೋದರು.

ಅಂದು ರಾತ್ರಿ ಪಾನಾ ಹಾಕುವ ಮಾತೇ ಬರಲಿಲ್ಲ. ಎಂಜಿನ್ ಆರಿದ ಮೇಲೆ ಮಿಸ್ತ್ರಿ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕಿನಿಂದ ಎತ್ತಿದ ಕಾರನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂಡಿಸಿದರು. ಜಾಕನ್ನಷ್ಟೇ ನಂಬಿ ಕಾರಿನ ಅಡಿಗೆ ಹೋಗಬಾರದೆಂಬುದು ಈ ಕಾಯಕದ ಮೊದಲ ನೇಮ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ತಂತಿಯ ಬ್ರಶ್ಶಿನಿಂದ ಹೊರಗೆ ಕಾಣುವ ಮರೆಗಳನ್ನು ತಿಕ್ಕಿದರು. ತುಕ್ಕು ಬಿಡಿಸುವ ತೆಳು ಎಣ್ಣೆ ಹಾಕಿ, ನಟ್ಟಿನ ಮೇಲೆ ಸುತ್ತಿಗೆಯಿಂದ ಹಗುರವಾಗಿ ತಟ್ಟಿದರು. ಆ ಕಂಪನಕ್ಕೆ ತುಕ್ಕು ಬಿರಿಯುತ್ತದೆ, ಬಿರಿದ ಸಂದಿನಲ್ಲಿ ಎಣ್ಣೆ ಇಳಿಯುತ್ತದೆ. ಮಲಗುವ ಮುನ್ನ ಮತ್ತೊಮ್ಮೆ, ನಸುಕಿನಲ್ಲಿ ಇನ್ನೊಮ್ಮೆ ಅದನ್ನೇ ಮಾಡಿದರು. ಡೀಸೆಲ್ಲೋ ಸೀಮೆಎಣ್ಣೆಯೋ ಹಚ್ಚಿಡುವುದು ಹಿಂದಿನವರ ರೂಢಿ. ಎಣ್ಣೆ ಯಾವುದಾದರೂ ಆಗಲಿ, ಅದಕ್ಕೆ ಕೊಡಬೇಕಾದದ್ದು ಕಾಲ.

ಬೆಳಿಗ್ಗೆ ಕೆಲಸ ಕಲಿಯುವ ಹುಡುಗನು ಹನ್ನೆರಡು ಮೂಲೆಯ ರಿಂಗ್ ಪಾನಾ ತಂದನು. “ಅದು ಬ್ಯಾಡ ತಮ್ಮಾ, ಆರ ಮೂಲಿದ ತಾ” ಎಂದರು ಮಿಸ್ತ್ರಿ. ಆರು ಮೂಲೆಯ ಸಾಕೆಟ್ಟು ನಟ್ಟಿನ ಮೈಯನ್ನು ಹಿಡಿಯುತ್ತದೆ. ಹನ್ನೆರಡು ಮೂಲೆಯದು ಸವೆದ ನಟ್ಟಿನ ಅಂಚನ್ನು ಮಾತ್ರ ಹಿಡಿದು ಉರುಟು ಮಾಡುತ್ತದೆ. ಒಂದು ನಟ್ಟು ಎಷ್ಟು ಸವೆದಿತ್ತೆಂದರೆ 14 ನಂಬರಿನ ಸಾಕೆಟ್ಟು ಸಡಿಲಾಗಿ, 13ರದನ್ನು ತಟ್ಟಿ ಕೂಡಿಸಬೇಕಾಯಿತು. ಹುಡುಗನು ಬಿಚ್ಚುವ ದಿಕ್ಕಿಗೆ ಎಳೆಯಲು ಹೋದಾಗ ಮಿಸ್ತ್ರಿ ತಡೆದು, ಮೊದಲು ಬಿಗಿಯುವ ದಿಕ್ಕಿಗೆ ಕೂದಲಷ್ಟು ತಿರುಗಿಸಲು ಹೇಳಿದರು. ತುಕ್ಕಿನ ಹಿಡಿತ ಬಿಡುವುದು ಯಾವ ದಿಕ್ಕಿಗಾದರೂ ಸರಿಯೇ. ಒಮ್ಮೆ ಅಲುಗಿತೆಂದರೆ ಕಾಲು ಸುತ್ತು ಬಿಚ್ಚುವುದು, ಅರ್ಧದಷ್ಟು ಮರಳಿ ಬಿಗಿಯುವುದು, ಎಣ್ಣೆ ಹಾಕುವುದು, ಮತ್ತೆ ಬಿಚ್ಚುವುದು. ಹೀಗೆ ಎರಡು ನಟ್ಟುಗಳು ಬಂದವು.

ಮೂರನೆಯದು ಬರಲಿಲ್ಲ. ಎಣ್ಣೆಯನ್ನು ಪೂರ್ತಿ ಒರೆಸಿ, ಪೆಟ್ರೋಲಿನ ಮತ್ತು ಬ್ರೇಕಿನ ನಳಿಕೆಗಳು ದೂರವಿವೆಯೆಂದು ನೋಡಿಕೊಂಡು, ನಟ್ಟನ್ನು ಮಾತ್ರ ಮಂದಗೆಂಪಾಗುವವರೆಗೆ ಗ್ಯಾಸಿನ ಜ್ವಾಲೆಯಿಂದ ಕಾಯಿಸಿದರು. ಕಾದ ನಟ್ಟು ಹಿಗ್ಗಿ ಹಿಡಿತ ಸಡಿಲಿಸುತ್ತದೆ. ಜ್ವಾಲೆ ತೆಗೆದ ಮೇಲೆ ಮೇಣದಬತ್ತಿ ತಾಕಿಸಿದರೆ ಮೇಣ ಕರಗಿ ಮರೆಯೊಳಗೆ ಇಳಿಯುತ್ತದೆ. ಈಚಿನ ಕಾರುಗಳಲ್ಲಿ, ಅದರಲ್ಲೂ 2020ರ ಏಪ್ರಿಲ್ ನಂತರದ ಬಿ.ಎಸ್. 6 ವಾಹನಗಳಲ್ಲಿ, ಹೊಗೆಕೊಳವೆಗೆ ಸೆನ್ಸರುಗಳಿರುವುದರಿಂದ ಜ್ವಾಲೆಯ ಬಳಕೆಗೆ ಇನ್ನೂ ಎಚ್ಚರ ಬೇಕು. ಇಷ್ಟು ಮಾಡಿದರೂ ಪಾನಾಕ್ಕೆ ಮೆತ್ತಗೆ, ರಬ್ಬರನ್ನು ತಿರುಚಿದಂತೆ ಅನುಭವವಾಯಿತು. ನಟ್ಟು ತಿರುಗುತ್ತಿರಲಿಲ್ಲ, ಸ್ಟಡ್ಡೇ ತಿರುಚಿಕೊಳ್ಳುತ್ತಿತ್ತು. ಮಿಸ್ತ್ರಿ ಕೂಡಲೇ ಕೈ ಹಿಂದೆಗೆದರು.

ಇಲ್ಲಿಯೇ ವಿವೇಕದ ಪರೀಕ್ಷೆ. ಸ್ಟಡ್ಡು ಎಂಜಿನ್ನಿನ ಬೀಡು ಕಬ್ಬಿಣದ ಮ್ಯಾನಿಫೋಲ್ಡಿನಲ್ಲಿ ನೆಟ್ಟದ್ದು. ಅದು ಒಳಗೆ ಮುರಿದರೆ ಡ್ರಿಲ್ ಮಾಡಬೇಕು, ಇಲ್ಲವೇ ಮೋಟಿನ ಮೇಲೆ ನಟ್ಟು ವೆಲ್ಡ್ ಮಾಡಿ ತಿರುಗಿಸಬೇಕು. ನಟ್ಟಾದರೋ ಕೆಲವೇ ರೂಪಾಯಿಗಳದ್ದು. ಮಿಸ್ತ್ರಿ ಉಳಿ ಹಿಡಿದು ನಟ್ಟನ್ನು ಸೀಳಿದರು, ಸ್ಟಡ್ಡು ಉಳಿಯಿತು. ತಾಳ್ಮೆಯೆಂದರೆ ಕೈಕಟ್ಟಿ ಕೂಡುವುದಲ್ಲ. ಏನನ್ನು ಕಳೆದುಕೊಂಡರೆ ಏನು ಉಳಿಯುತ್ತದೆ ಎಂಬುದನ್ನು ಮುರಿಯುವ ಮೊದಲೇ ಅರಿಯುವುದೂ ತಾಳ್ಮೆಯೇ.

ಹೊಸ ಗ್ಯಾಸ್ಕೆಟ್ ಕೂಡಿಸಿ, ಬೇಗ ತುಕ್ಕು ಹಿಡಿಯದ ಹಿತ್ತಾಳೆಯ ನಟ್ಟುಗಳನ್ನು ಏರಿಸುವ ಮುನ್ನ ಮಿಸ್ತ್ರಿ ಪ್ರತಿ ಸ್ಟಡ್ಡಿನ ಮರೆಗೂ ತಾಮ್ರದ ಪುಡಿ ಬೆರೆತ ಗ್ರೀಸನ್ನು ತೆಳುವಾಗಿ ಹಚ್ಚಿದರು. ಸಾಮಾನ್ಯ ಗ್ರೀಸು ಆ ಕಾವಿಗೆ ಸುಟ್ಟುಹೋಗುತ್ತದೆ, ಇದು ನಿಲ್ಲುತ್ತದೆ. ಮೂರನ್ನೂ ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿದು, ಎಂಜಿನ್ ಚಾಲೂ ಮಾಡಿ, ಸೋರಿಕೆಯ ಸದ್ದು ಇಲ್ಲವೆಂದು ಖಾತ್ರಿ ಮಾಡಿಕೊಂಡರು.

ಗ್ರೀಸು ಹಚ್ಚುವ ಆ ಒಂದು ನಿಮಿಷಕ್ಕೆ ಬಿಲ್ಲಿನಲ್ಲಿ ಜಾಗವಿಲ್ಲ. ಹಚ್ಚದಿದ್ದರೂ ಕಾರು ಓಡುತ್ತಿತ್ತು, ಹಣವೂ ಬರುತ್ತಿತ್ತು. ಹಚ್ಚಿದ್ದರ ಫಲ ಎಂಟೋ ಹತ್ತೋ ವರುಷದ ಮೇಲೆ ಅಥಣಿಯಲ್ಲೋ ಚಿಕ್ಕೋಡಿಯಲ್ಲೋ ಇನ್ನಾವನೋ ಮಿಸ್ತ್ರಿಯ ಕೈಗೆ ಸಿಗುತ್ತದೆ. ಅವನು ಪಾನಾ ಹಾಕುತ್ತಾನೆ, ನಟ್ಟು ಸಲೀಸಾಗಿ ಬರುತ್ತದೆ. ಹಿಂದಿನವನು ಯಾರೆಂದು ಅವನಿಗೆ ತಿಳಿಯದು. ಇಂದು ಬಿಚ್ಚುವವನು ಪಡುವ ಕಷ್ಟ ಬಹುಪಾಲು ಅಂದು ಬಿಗಿದವನು ಬಿಟ್ಟುಹೋದದ್ದು. ಕೂಲಿಗೆ ಮಾಡಿದ್ದು ಕೂಲಿಯೊಂದಿಗೆ ತೀರುತ್ತದೆ. ಮುಖ ಕಾಣದ ಮುಂದಿನವನ ಕೈಯನ್ನು ನೆನೆದು ಮಾಡಿದ್ದು ಕಾಯಕವಾಗುತ್ತದೆ. ಶರಣರು ದಾಸೋಹವೆಂದದ್ದು ಅನ್ನದ ಪಂಕ್ತಿಯೊಂದಕ್ಕೇ ಅಲ್ಲ. ಬೆರಳ ತುದಿಯಷ್ಟು ಗ್ರೀಸಿನಲ್ಲೂ ಅದಕ್ಕೆ ಎಡೆಯುಂಟು.