ಹೆಸರಿಗೊಂದು ಕುರುಹು

‘ಕುರುಹು’ ಎಂಬ ಮಾತು ವಚನಗಳನ್ನು ಓದುವವರಿಗೆ ಹೊಸದಲ್ಲ. ಕಣ್ಣಿಗೆ ನಿಲುಕದುದಕ್ಕೆ ಕಣ್ಣಿಗೆ ಕಾಣುವ ಗುರುತು ಎಂಬುದು ಅದರ ಸಾಮಾನ್ಯಾರ್ಥ. ಜೀವವಿಜ್ಞಾನದಲ್ಲಿಯೂ ಇದಕ್ಕೆ ಸಮೀಪವಾದ ಒಂದು ಪದ್ಧತಿಯಿದೆ. ಇದುವರೆಗೆ ಯಾರೂ ವಿವರಿಸದ ಕೀಟವೊಂದಕ್ಕೆ ಹೆಸರಿಡುವವರು, ಆ ಹೆಸರಿಗೆ ಒಂದು ದೇಹವನ್ನು ಕುರುಹಾಗಿ ಒಪ್ಪಿಸಬೇಕು. ಅದನ್ನು ಹೋಲೋಟೈಪ್, ಎಂದರೆ ಮೂಲಮಾದರಿ ಎನ್ನುತ್ತಾರೆ. ಮುಂದೆ ನೂರು ವರ್ಷ ಕಳೆದರೂ ಆ ಹೆಸರು ಯಾವ ಜೀವಕ್ಕೆ ಸಲ್ಲುತ್ತದೆ ಎಂಬ ವಿವಾದ ಬಂದಾಗ ಪುಸ್ತಕವಲ್ಲ, ಆ ಒಂದು ದೇಹವೇ ಸಾಕ್ಷಿ ನುಡಿಯುತ್ತದೆ. ಆದರೆ ಸಾಕ್ಷಿಯಾಗಲು ಅದು ಸಾಯಬೇಕು. ಇರುವೆಯನ್ನೂ ತುಳಿಯಬೇಡವೆಂದು ಹೇಳಿಸಿಕೊಂಡು ಬೆಳೆದ ವಿದ್ಯಾರ್ಥಿಗೆ ಎದುರಾಗುವ ಮೊದಲ ತೊಡಕು ಇದೇ.

ಆಷಾಢ ಕಳೆಯುವ ಹೊತ್ತಿಗೆ ಶಿವಮೊಗ್ಗದ ಹಳೆಯ ಕಾಂಪೌಂಡುಗಳೂ ಭದ್ರಾವತಿಯ ತೋಟಗಳ ಅಡಕೆಮರಗಳೂ ಹಸಿರು ಹಾವಸೆಯನ್ನು ಹೊದ್ದುಕೊಳ್ಳುತ್ತವೆ. ಅಂಗೈಯಗಲದ ಹಾವಸೆಯನ್ನು ಬಿಳಿಯ ತಟ್ಟೆಯ ಮೇಲೆ ಕೊಡವಿ ನೋಡಿದರೆ ಅದು ಒಂದು ಊರೇ ಎಂಬುದು ತಿಳಿಯುತ್ತದೆ. ಎಳ್ಳಿಗಿಂತ ಚಿಕ್ಕ ಜೀರುಂಡೆಗಳು, ನೊಣಗಳ ಮರಿಹುಳುಗಳು, ಬಾಲವನ್ನು ಸ್ಪ್ರಿಂಗಿನಂತೆ ಬಡಿದು ಚಿಮ್ಮುವ ಜೀವಿಗಳು ಅಲ್ಲಿವೆ. (ಈ ಕೊನೆಯವಕ್ಕೆ ಆರು ಕಾಲುಗಳಿದ್ದರೂ ಇಂದಿನ ವಿದ್ವಾಂಸರು ಅವನ್ನು ಕೀಟಗಳ ಸಾಲಿನಿಂದ ಹೊರಗಿಟ್ಟಿದ್ದಾರೆ.) ಭದ್ರಾ ಅಭಯಾರಣ್ಯದ ಹುಲಿಗಳನ್ನು ಮೈಮೇಲಿನ ಪಟ್ಟೆಗಳಿಂದ ಒಂದೊಂದಾಗಿ ಗುರುತಿಸಿ ಲೆಕ್ಕವಿಡುತ್ತಾರೆ, ಹಾವಸೆಯ ನಿವಾಸಿಗಳಿಗೆ ಅಂಥ ಲೆಕ್ಕವಿಲ್ಲ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಅಲ್ಲಿ ಪ್ರಾಣಿಶಾಸ್ತ್ರವನ್ನು ಓದುವವರಿಗೆ ಈ ಊರು ಬಾಗಿಲ ಮುಂದೆಯೇ ಇದೆ ಎನ್ನಬೇಕು.

ಹಾವಸೆಯನ್ನೇ ನಂಬಿ ಬದುಕುವ ಕೀಟಗಳ ಒಂದು ಕುಟುಂಬ ಜಗತ್ತಿನ ದಕ್ಷಿಣ ತುದಿಯಲ್ಲಿದೆ. ಪೆಲೊರಿಡಿಡೇ ಎಂಬ ಈ ತಿಗಣೆಗಳು ಎರಡರಿಂದ ಐದು ಮಿಲಿಮೀಟರಿನಷ್ಟು ಉದ್ದವಿದ್ದು ಬಹುಪಾಲು ಹಾರಲಾರವು. ಒದ್ದೆ ಹಾವಸೆಯ ರಸವನ್ನು ಹೀರಿ ಜೀವಿಸುತ್ತವೆ. ಇವುಗಳಲ್ಲಿ ಮೊದಲನೆಯದನ್ನು 1897ರಲ್ಲಿ ಬ್ರೆಡಿನ್ ಎಂಬ ಜರ್ಮನ್ ವಿದ್ವಾಂಸ ದಕ್ಷಿಣ ಅಮೆರಿಕದ ತುದಿಯಿಂದ ವಿವರಿಸಿದನು. ಅನಂತರ ನ್ಯೂಜಿಲೆಂಡ್, ಆಸ್ಟ್ರೇಲಿಯ, ನ್ಯೂ ಕ್ಯಾಲೆಡೋನಿಯಗಳಲ್ಲಿಯೂ ದೊರೆತು ಈಗ ಮೂವತ್ತಕ್ಕೂ ಮಿಕ್ಕ ಪ್ರಭೇದಗಳಿಗೆ ಹೆಸರಿದೆ. ಭಾರತವೂ ಒಮ್ಮೆ ಅದೇ ಗೊಂಡ್ವಾನಾ ಭೂಖಂಡದ ಭಾಗವಾಗಿತ್ತಾದರೂ ಈ ಕುಟುಂಬ ಇಲ್ಲಿ ಕಂಡುಬಂದಿಲ್ಲ. ಆದರೆ ಇವುಗಳ ದೂರದ ದಾಯಾದಿಗಳಾದ ಜಿಗಿಹುಳುಗಳು ನಮ್ಮ ಮಾವಿನ ಮರಗಳಲ್ಲಿ ಧಾರಾಳವಾಗಿವೆ. ಹೆಸರಿಡುವ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಕನ್ನಡನಾಡಿನ ನಿದರ್ಶನವೂ ಅಲ್ಲಿಯೇ ದೊರೆಯುತ್ತದೆ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾದ ಸಿ. ಎ. ವಿರಕ್ತಮಠ ಅವರು ಜಿಗಿಹುಳುಗಳ ವರ್ಗೀಕರಣಕ್ಕೆ ತಮ್ಮ ಆಯುಷ್ಯವನ್ನೇ ಮೀಸಲಿಟ್ಟವರು. 1976ರಲ್ಲಿ ಅವರು ವಿವರಿಸಿದ ಕೀಟಗಳಲ್ಲಿ ಒಂದು ಅಮೃತೋಡಸ್ ಬ್ರೆವಿಸ್ಟೈಲಸ್. ಮಾವಿನ ಮೇಲೆ ಕುಳಿತ ಈ ಹುಳುವನ್ನು ಅದರ ಸಮೀಪದ ಬಂಧುಗಳಿಂದ ಬರಿಗಣ್ಣಿನಲ್ಲಿ ಬೇರ್ಪಡಿಸುವುದು ಸುಲಭವಲ್ಲ. ಗಂಡು ಹುಳುವಿನ ಉದರದ ತುದಿಯನ್ನು ಬಿಡಿಸಿ, ಕ್ಷಾರದ್ರಾವಣದಲ್ಲಿ ಮಾಂಸವನ್ನು ಕರಗಿಸಿ, ಉಳಿದ ಜನನಾಂಗದ ಕವಚವನ್ನು ಸೂಕ್ಷ್ಮದರ್ಶಕದಡಿ ಇರಿಸಿದಾಗಲೇ ಭೇದ ತಿಳಿಯುವುದು. ಅಲ್ಲಿನ ಶಲಾಕೆಯಂಥ ಒಂದು ಅಂಗ ಕಿರಿದಾಗಿದೆ ಎಂಬುದೇ ಬ್ರೆವಿಸ್ಟೈಲಸ್ ಎಂಬ ಹೆಸರಿನ ಅರ್ಥ. ಇಷ್ಟೂ ಆದ ಮೇಲೆ ಹಿಂದೆ ಹೆಸರು ಪಡೆದವುಗಳೊಡನೆ ಹೋಲಿಸಬೇಕು. ಡಿಸ್ಟಂಟ್ ಎಂಬ ಆಂಗ್ಲ ವಿದ್ವಾಂಸ 1902ರಿಂದ 1918ರವರೆಗೆ ಏಳು ಸಂಪುಟಗಳಲ್ಲಿ ಬ್ರಿಟಿಷ್ ಇಂಡಿಯಾದ ಈ ಬಗೆಯ ಕೀಟಗಳನ್ನು ವಿವರಿಸಿದನು. ಅವುಗಳ ಎಷ್ಟೋ ಮೂಲಮಾದರಿಗಳು ಇರುವುದು ಲಂಡನ್ನಿನಲ್ಲಿ. ನಮ್ಮ ತೋಟದ ಹುಳುವಿನ ಕುಲಗೋತ್ರವನ್ನು ವಿಚಾರಿಸಲು ಅಲ್ಲಿಯವರೆಗೆ ಹೋಗಬೇಕಾದ ಸ್ಥಿತಿ ಇಂದಿಗೂ ಪೂರ್ತಿ ತಪ್ಪಿಲ್ಲ.

ಕೊಲ್ಲದೆ ಹೆಸರಿಡಲು ಸಾಧ್ಯವಿಲ್ಲವೇ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. 2006ರಲ್ಲಿ ಖಗೋಳ ವಿಜ್ಞಾನಿ ರಮಣ ಆತ್ರೇಯ ಅವರು ಅರುಣಾಚಲದ ಈಗಲ್‌ನೆಸ್ಟ್ ಕಾಡಿನ ಹಕ್ಕಿಯೊಂದಕ್ಕೆ ಬುಗುನ್ ಜನರ ಹೆಸರನ್ನಿಟ್ಟರು. ಹಿಡಿದ ಹಕ್ಕಿಯ ಛಾಯಾಚಿತ್ರ, ಉದುರಿದ ಗರಿ, ಕೂಗಿನ ಧ್ವನಿಮುದ್ರಣ ಇವನ್ನಿಟ್ಟುಕೊಂಡು ಹಕ್ಕಿಯನ್ನು ಹಾರಿಬಿಟ್ಟರು. ಅವು ತೀರ ಕೆಲವೇ ಇದ್ದಂತೆ ತೋರಿದ್ದರಿಂದ ಒಂದನ್ನು ಕೊಲ್ಲುವುದೂ ಸರಿಯಲ್ಲವೆಂಬುದು ಅವರ ನಿಲುವು. ಅದು ಉಚಿತವೇ. ಆದರೆ ಭೇದವೆಲ್ಲ ಮೈಯೊಳಗೆ ಅಡಗಿರುವ ಎರಡು ಮಿಲಿಮೀಟರಿನ ಕೀಟಕ್ಕೆ ಆ ದಾರಿ ಒದಗುವುದಿಲ್ಲ.

ಇನ್ನೊಂದು ಸಂಗತಿಯನ್ನು ಮುಚ್ಚಿಡಬಾರದು. ಹಾವಸೆಯ ಜೀವಿಗಳನ್ನು ಸಂಗ್ರಹಿಸುವ ರೂಢಿಯ ಸಾಧನ ಬರ್ಲೆಸೆ ಆಲಿಕೆ. ಇಟಲಿಯ ಆಂಟೋನಿಯೊ ಬರ್ಲೆಸೆ 1905ರಲ್ಲಿ ರೂಪಿಸಿದ ಇದರಲ್ಲಿ ಹಾವಸೆಯನ್ನು ಜರಡಿಯ ಮೇಲಿಟ್ಟು ಕಾವು ಕೊಡುತ್ತಾರೆ. ಈಗ ಮೇಲೊಂದು ಬಲ್ಬನ್ನು ಉರಿಸುವುದು ವಾಡಿಕೆ. ಬಿಸಿಗೆ ಹೆದರಿ ಕೆಳಗಿಳಿದ ಜೀವಗಳು ಆಲ್ಕೋಹಾಲಿನ ಸೀಸೆಗೆ ಬೀಳುತ್ತವೆ. ಬೇಕಾದುದು ಒಂದೇ ಆದರೂ ಬೀಳುವುದು ನೂರಾರು. ಆದುದರಿಂದ ಸಹನೆಯುಳ್ಳವರು ತಟ್ಟೆಯ ಮೇಲೆ ಕೊಡವಿ, ಕುಂಚದ ತುದಿಯಿಂದ ಬೇಕಾದುದನ್ನಷ್ಟೇ ಎತ್ತಿಕೊಂಡು, ಹಾವಸೆಯನ್ನು ಮರಕ್ಕೇ ಮರಳಿಸುತ್ತಾರೆ. ಇದರಲ್ಲಿ ಹೊತ್ತು ಹೆಚ್ಚು, ಸಿಕ್ಕುವುದು ಕಡಿಮೆ. ಕೆಲಸಕ್ಕೆ ಅಷ್ಟೇ ಸಾಕೆನಿಸಿದಾಗ ಈ ದಾರಿಯನ್ನು ಹಿಡಿಯುವುದೇ ಮೇಲು.

ಕೊಂದದ್ದಕ್ಕಿಂತಲೂ ದೊಡ್ಡ ತಪ್ಪು, ಕೊಂದ ಮೇಲೆ ಮರೆತುಬಿಡುವುದು. ಪ್ಯಾರಿಸ್ಸಿನ ವಸ್ತುಸಂಗ್ರಹಾಲಯದ ವಿದ್ವಾಂಸರು 2012ರಲ್ಲಿ ಲೆಕ್ಕ ಹಾಕಿದಂತೆ, ಹೊಸ ಪ್ರಭೇದದ ಮಾದರಿ ಸಂಗ್ರಹವಾದ ದಿನದಿಂದ ಅದಕ್ಕೆ ಹೆಸರು ಬರುವವರೆಗೆ ಸರಾಸರಿ 21 ವರ್ಷ ಕಳೆಯುತ್ತದೆ. ಅಷ್ಟು ಕಾಲ ಅದು ಕಪಾಟಿನಲ್ಲಿ ಕಾಯುತ್ತದೆ. ಸಂಶೋಧನಾ ವಿದ್ಯಾರ್ಥಿಯ ವೇತನ ಮುಗಿಯುತ್ತದೆ, ಗುರುಗಳು ನಿವೃತ್ತರಾಗುತ್ತಾರೆ, ಸೀಸೆಯ ಆಲ್ಕೋಹಾಲು ಆರುತ್ತದೆ. 2002ರ ಜೀವವೈವಿಧ್ಯ ಅಧಿನಿಯಮದ 39ನೆಯ ವಿಧಿಯ ಪ್ರಕಾರ ಹೊಸದಾಗಿ ಕಂಡ ಪ್ರಭೇದವನ್ನು ಗೊತ್ತುಪಡಿಸಿದ ಭಂಡಾರಕ್ಕೆ ತಿಳಿಸಿ ಮಾದರಿಯನ್ನು ಒಪ್ಪಿಸಬೇಕು; 1916ರಲ್ಲಿ ಸ್ಥಾಪಿತವಾದ, ಕೋಲ್ಕತ್ತದಲ್ಲಿ ಕೇಂದ್ರವಿರುವ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆ ಅಂಥದೊಂದು ಭಂಡಾರ. ವಿವರಣೆಯೇ ಬರೆಯದೆ ಉಳಿದ ಸೀಸೆಗೆ ಈ ಕಾನೂನು ತಲುಪುವುದಿಲ್ಲ.

ಅಲ್ಲಿಯವರೆಗೆ ಆ ಜೀವಕ್ಕಿರುವ ಆಧಾರ ಸೀಸೆಯೊಳಗಿನ ಒಂದು ಚೀಟಿ ಮಾತ್ರ. ಬೆರಳುಗುರಿನಷ್ಟು ಕಾಗದದ ಮೇಲೆ, ಆಲ್ಕೋಹಾಲಿನಲ್ಲಿ ಅಳಿಯದಿರಲೆಂದು ಪೆನ್ಸಿಲಿನಿಂದ ಊರು, ದಿನ, ಹಾವಸೆ ಹಬ್ಬಿದ್ದ ಮರ ಯಾವುದು, ಎತ್ತಿಕೊಂಡವರಾರು ಎಂದು ಬರೆದಿರುತ್ತಾರೆ. ಅದನ್ನು ಆ ಸಂಜೆಯೇ ಬರೆಯಬೇಕು. ಮರುದಿನಕ್ಕೆ ಯಾವ ಸೀಸೆ ಯಾವ ಮರದ್ದೆಂಬುದು ನೆನಪಿರುವುದಿಲ್ಲ.