ಖಾಲಿ ಕೋವಿ

ಲೋಕಸಭೆ ಚುನಾವಣೆ ಅಂತ ಠಾಣೆಗೆ ಒಪ್ಪಿಸಿದ್ದ ಕೋವಿ 2024ರ ಜೂನ್‌ನಲ್ಲಿ ವಾಪಸ್ ಬಂತು. ಜೊತೆಗೇ ಮಳೆಯೂ ಬಂತು. ನಮ್ಮ ಕುಳಗಿ ಕಡೆ ಥಂಡಿಗೆ ಕಬ್ಬಿಣ ವಾರದಲ್ಲೇ ಕೆಂಪಾಗ್ತದೆ.

ಅಪ್ಪನ ಕಾಲದ ಒಂಟಿ ನಳಿಗೆ, ಬೆಳೆ ರಕ್ಷಣೆ ಲೈಸೆನ್ಸಿನದು. ಮೊದಲು ಮಡಚಿ, ಕಣ್ಣಲ್ಲಿ ನೋಡಿ, ಬೆರಳು ಹಾಕಿಯೂ ನೋಡಿದೆ. ಒಮ್ಮೆ ಅಪ್ಪ "ಖಾಲಿ ಅದೆ" ಅಂದ ಕೋವಿಯಲ್ಲೇ ತೋಟಾ ಇತ್ತು. ಅವತ್ತಿಂದ ಯಾರ ಮಾತೂ ನಂಬೋದಿಲ್ಲ, ನನ್ನದೂ ಸೇರಿ.

ಗಜಕ್ಕೆ ಹಳೇ ಪಂಚೆಯ ಬಟ್ಟೆ ಸುತ್ತಿ ಹಿಂದಿನಿಂದ ಬಾಯಿಯ ಕಡೆಗೆ ತಳ್ಳಿದೆ. ಮೊದಲನೇದು ಕಪ್ಪು, ಎರಡನೇದು ತುಕ್ಕಿನ ಕೆಂಪು, ಐದನೇದು ಬಿಳಿ. ಆಮೇಲೆ ಹೊಲಿಗೆ ಮಷಿನ್ ಎಣ್ಣೆ ತೆಳ್ಳಗೆ, ಮಡಚೋ ಕೀಲಿಗೆ ಒಂದೇ ಹನಿ. ಜಾಸ್ತಿಯಾದ್ರೆ ಧೂಳು ಹಿಡೀತದೆ. ಅಪ್ಪ ಕೊಬ್ಬರಿ ಎಣ್ಣೆ ಹಚ್ತಿದ್ರು. ಚಳಿಗಾಲದಲ್ಲಿ ಗಟ್ಟಿಯಾಗಿ ಕುದುರೆಯೇ ಅಂಟ್ಕೊಂಡಿತ್ತು.

"ಅಪ್ಪಾ, ಹೊಡೆಯೋದೇ ಇಲ್ಲ, ಯಾಕೆ ಒರೆಸ್ತೀ?" ಅಂದ ಮಗ. ಹೌದು, ಸುತ್ತ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಗದ್ದೆಗಿಳಿದ ಹಂದಿಗೆ ಈಗ ಡಬ್ಬ ಬಡಿಯೋದೇ ಗತಿ. ಆದ್ರೆ ಕೆಟ್ಟ ಕೋವಿ ಹಂದಿಗಿಂತ ಹಿಡಿದವನಿಗೇ ಅಪಾಯ. ಅದಕ್ಕೇ ಅವನ ಕೈಗೆ ಮೊದಲು ಬಟ್ಟೆ ಕೊಟ್ಟೆ. ಅದಕ್ಕಿಂತ ಮೊದಲು ಬೆರಳು ಹಾಕಿ ನೋಡೋದನ್ನ ಕಲಿಸಿದೆ.